ಜಪಾನಿ ಕಾರು: ಬಾಳಿಕೆಯ ಗುಟ್ಟು, ನಿಗಾದ ಹೊಣೆ



ಸಂಘದ ಗೋದಾಮಿನಲ್ಲಿ ಮೂಟೆಗಳು ತೂಕಕ್ಕೆ ಏರುವ ಹೊತ್ತಿಗೆ, ಕಾಫಿಯ ದರ, ಅಡಿಕೆಯ ಧಾರಣೆ ಎರಡನ್ನೂ ವಿಚಾರಿಸಿ ಮುಗಿದ ಮೇಲೆ, ಕಾರ್ಯದರ್ಶಿಯ ಮೇಜಿಗೆ ಬರುವ ಮುಂದಿನ ಪ್ರಶ್ನೆ ಬಹುಮಟ್ಟಿಗೆ ಒಂದೇ: “ಸಾರ್, ಹಳೇ ಗಾಡಿ ಕೊಟ್ಟುಬಿಡೋಣ ಅಂತಿದ್ದೀನಿ. ಯಾವ ಕಾರು ತಗೊಂಡರೆ ಒಳ್ಳೇದು?” ನಾನು ವಾಹನದ ವ್ಯಾಪಾರಿಯಲ್ಲ, ಎಂಜಿನಿಯರನೂ ಅಲ್ಲ. ಕೇಳುವವರೇ ಉತ್ತರವನ್ನೂ ಜೊತೆಯಲ್ಲಿ ತಂದಿರುತ್ತಾರೆ: “ಜಪಾನಿದೇ ಆಗಬೇಕು. ಅದಕ್ಕೆ ಏನೂ ಮಾಡಬೇಕಾಗಿಲ್ಲ. ಎಣ್ಣೆ ಹಾಕಿ ಓಡಿಸ್ತಾ ಇದ್ದರಾಯ್ತು.”

ಈ ಮಾತಿನ ಮೊದಲರ್ಧಕ್ಕೆ ಸಾಕಷ್ಟು ಆಧಾರವಿದೆ. ಎರಡನೆಯ ಅರ್ಧ ಅಪಾಯಕರವಾದದ್ದು. ಅದನ್ನು ನಂಬಿ ನಾನೇ ಒಮ್ಮೆ ಪ್ರಾಣಕ್ಕೆ ಸಂಚಕಾರ ತಂದುಕೊಂಡಿದ್ದೆ. ಆ ಸಂಗತಿಯನ್ನು ಮುಂದೆ ಹೇಳುತ್ತೇನೆ. ಈ ಗಾಡಿಗಳು ಏಕೆ ಬಾಳುತ್ತವೆ, ಅವುಗಳಿಂದ ಏನನ್ನು ನಿರೀಕ್ಷಿಸಬಹುದು, ನಾವು ಮಾಡಬೇಕಾದದ್ದೇನು ಎಂಬುದನ್ನು ಸದಸ್ಯರ ಉಪಯೋಗಕ್ಕಾಗಿ ಇಲ್ಲಿ ಕ್ರಮವಾಗಿ ವಿವರಿಸಲು ಯತ್ನಿಸಿದ್ದೇನೆ. ಮೊದಲಿಗೆ ಒಂದು ಸಣ್ಣ ತಿದ್ದುಪಡಿ. ಹ್ಯುಂಡೈ, ಕಿಯಾ ಇವನ್ನೂ ಜಪಾನಿ ಎಂದು ಕೆಲವರು ಹೇಳುವುದುಂಟು. ಅವು ಕೊರಿಯಾ ದೇಶದವು. ಸುಜುಕಿ, ಟೊಯೋಟಾ, ಹೋಂಡಾ, ನಿಸ್ಸಾನ್ ಜಪಾನಿನವು.

ಮಗ್ಗದಿಂದ ಮೋಟಾರಿಗೆ

ಜಪಾನಿನ ಎರಡು ದೊಡ್ಡ ಕಾರು ಕಂಪನಿಗಳು ಹುಟ್ಟಿದ್ದು ನೇಯ್ಗೆಯ ಮಗ್ಗದಿಂದ. ಮಿಚಿಯೊ ಸುಜುಕಿ ಎಂಬವರು 1909ರಲ್ಲಿ ಹಮಾಮತ್ಸು ಊರಿನಲ್ಲಿ ತೆರೆದದ್ದು ಮಗ್ಗ ತಯಾರಿಸುವ ಕಾರ್ಖಾನೆ. ಸಾಕಿಚಿ ಟೊಯೊಡಾ ಅವರು 1924ರಲ್ಲಿ ಪೂರ್ಣಗೊಳಿಸಿದ ಸ್ವಯಂಚಾಲಿತ ಮಗ್ಗವು, ಒಂದೇ ಒಂದು ನೂಲು ಕಡಿದರೂ ತಾನಾಗಿ ನಿಂತುಬಿಡುತ್ತಿತ್ತು. ಅವರ ಮಗ ಕೀಚಿರೊ 1937ರಲ್ಲಿ ಮೋಟಾರು ಕಂಪನಿ ಸ್ಥಾಪಿಸಿದಾಗ ಮಗ್ಗದ ಈ ನೀತಿಯೂ ಅಲ್ಲಿಗೆ ಬಂತು. ತಪ್ಪು ಕಂಡಲ್ಲೇ ಕೆಲಸ ನಿಲ್ಲಿಸು, ಕಾರಣ ಹುಡುಕು, ಆಮೇಲೆ ಮುಂದುವರಿ. ಇದಕ್ಕೆ ಅವರು ‘ಜಿಡೋಕಾ’ ಎನ್ನುತ್ತಾರೆ. ಟೊಯೋಟಾ ಕಾರ್ಖಾನೆಯಲ್ಲಿ ಸಾಮಾನ್ಯ ಕಾರ್ಮಿಕನೂ ದೋಷ ಕಂಡರೆ ಹಗ್ಗ ಎಳೆದು ಸಾಲನ್ನೇ ನಿಲ್ಲಿಸಬಹುದು.

ನಮಗೆ ಇದು ಹೊಸ ಮಾತಲ್ಲ. ಪಲ್ಪರ್ ಯಂತ್ರದಲ್ಲಿ ಕಾಫಿ ಬೀಜ ಕಡಿಯುತ್ತಿದ್ದರೆ ಬುದ್ಧಿವಂತ ಬೆಳೆಗಾರ ಯಂತ್ರ ನಿಲ್ಲಿಸಿ ಅಂತರ ಸರಿಪಡಿಸುತ್ತಾನೆ. “ಆಗಲಿ, ಕಣದಲ್ಲಿ ಒಣಗಿದ ಮೇಲೆ ಹೆಂಗಸರ ಕೈಲಿ ಆರಿಸೋಣ” ಎಂದವನಿಗೆ ಕೂಲಿಯೂ ಹೋಯಿತು, ದರ್ಜೆಯೂ ಹೋಯಿತು. ಜಪಾನಿನವರು ಕಾರಿನಲ್ಲಿ ಮಾಡಿದ್ದು ಇದನ್ನೇ. ತಯಾರಾದ ಮೇಲೆ ತಪ್ಪು ಹುಡುಕುವ ಬದಲು ತಪ್ಪು ಹುಟ್ಟುವ ಜಾಗದಲ್ಲೇ ಹಿಡಿದರು.

ಮೊದಲಿನಿಂದಲೂ ಅವರ ಗಾಡಿ ಹೀಗಿತ್ತೆಂದು ತಿಳಿಯಬಾರದು. 1957ರಲ್ಲಿ ಟೊಯೋಟಾ ತನ್ನ ಕ್ರೌನ್ ಕಾರನ್ನು ಅಮೆರಿಕಕ್ಕೆ ಕಳಿಸಿದಾಗ, ಅಲ್ಲಿನ ಹೆದ್ದಾರಿಯ ವೇಗಕ್ಕೆ ಎಂಜಿನ್ನಿನ ಶಕ್ತಿ ಸಾಲದೆ ಮಾನ ಹೋಯಿತು. 1960ರಲ್ಲಿ ಆ ಕಾರಿನ ರಫ್ತನ್ನೇ ನಿಲ್ಲಿಸಬೇಕಾಯಿತು. ಅವರು ಸೋಲನ್ನು ಮುಚ್ಚಿಡದೆ ಪಾಠವನ್ನಾಗಿ ಮಾಡಿಕೊಂಡರು. 1950ರಲ್ಲಿಯೇ ಡೆಮಿಂಗ್ ಎಂಬ ಅಮೆರಿಕದ ಅಂಕಿಅಂಶ ತಜ್ಞರು ಜಪಾನಿಗೆ ಬಂದು ಗುಣಮಟ್ಟ ಕಾಯ್ದುಕೊಳ್ಳುವ ವಿಧಾನವನ್ನು ಬೋಧಿಸಿದ್ದರು; ಮರುವರ್ಷದಿಂದಲೇ ಅವರ ಹೆಸರಿನಲ್ಲಿ ಬಹುಮಾನವೂ ಆರಂಭವಾಗಿತ್ತು. ದಿನಕ್ಕಿಷ್ಟಿಷ್ಟು ಸುಧಾರಿಸುವ ಪದ್ಧತಿಗೆ ‘ಕೈಜೆನ್’ ಎಂಬ ಹೆಸರು ಜಗತ್ತಿಗೆಲ್ಲ ಪರಿಚಯವಾಯಿತು. 1966ರಲ್ಲಿ ಬಂದ ಕೊರೊಲಾ ಕಾರು 2021ರ ಹೊತ್ತಿಗೆ ಐದು ಕೋಟಿಗೂ ಮೀರಿ ಮಾರಾಟವಾಗಿತ್ತು. 1973ರಲ್ಲಿ ತೈಲದ ಬಿಕ್ಕಟ್ಟು ತಲೆದೋರಿದಾಗ, ದೊಡ್ಡ ಕಾರಿಗೆ ಪೆಟ್ರೋಲು ಹಾಕಿ ಸುಸ್ತಾದ ಅಮೆರಿಕದವರು ಹೋಂಡಾ ಸಿವಿಕ್‌ನಂಥ ಸಣ್ಣ ಗಾಡಿಗಳತ್ತ ತಿರುಗಿದರು.

ನಮ್ಮಲ್ಲಿಗೆ ಬಂದ ಬಗೆ

ಜಪಾನಿನ ರಸ್ತೆ ಕಿರಿದು, ಪೆಟ್ರೋಲು ಆಮದಿನದು. ಆದ್ದರಿಂದ ಅಲ್ಲಿನ ಸರ್ಕಾರ ಪುಟ್ಟ ಕಾರುಗಳ ಒಂದು ವರ್ಗ ಮಾಡಿ ತೆರಿಗೆಯಲ್ಲಿ ರಿಯಾಯಿತಿ ಕೊಟ್ಟಿತು. ಎಂಜಿನ್ನಿನ ಮಿತಿ 1955ರಲ್ಲಿ 360 ಸಿ.ಸಿ., 1976ರಲ್ಲಿ 550, 1990ರಲ್ಲಿ 660. ಇಷ್ಟು ಸಣ್ಣ ಎಂಜಿನ್ನಿನಲ್ಲಿ ಒಂದು ಸಂಸಾರವನ್ನು ಒಯ್ಯಬೇಕಾದರೆ ಗಾಡಿ ಹಗುರವಾಗಿರಬೇಕು, ಘರ್ಷಣೆಯಲ್ಲಿ ಶಕ್ತಿ ಪೋಲಾಗಬಾರದು. ಸುಜುಕಿಯವರು ಪಳಗಿದ್ದು ಈ ಗರಡಿಯಲ್ಲಿ.

ಭಾರತ ಸರ್ಕಾರದ ಮಾರುತಿ ಸಂಸ್ಥೆ 1982ರ ಅಕ್ಟೋಬರಿನಲ್ಲಿ ಸುಜುಕಿಯೊಂದಿಗೆ ಒಪ್ಪಂದ ಮಾಡಿಕೊಂಡಿತು. 1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800 ಕಾರಿನ ಕೀಲಿಕೈಯನ್ನು ಪ್ರಧಾನಿ ಇಂದಿರಾ ಗಾಂಧಿಯವರು ಗ್ರಾಹಕರ ಕೈಗಿತ್ತರು. ಆ ಪುಟ್ಟ ವರ್ಗದ ಕಾರಿಗೇ 796 ಸಿ.ಸಿ.ಯ ಮೂರು ಸಿಲಿಂಡರಿನ ಎಂಜಿನ್ ಕೂರಿಸಿದ ಗಾಡಿ ಅದು. ತೂಕ ಸುಮಾರು ಆರೂವರೆ ಕ್ವಿಂಟಾಲ್, ಅಂದರೆ ನಮ್ಮ ಲೆಕ್ಕದಲ್ಲಿ ಐವತ್ತು ಕಿಲೋದ ಹದಿಮೂರು ಮೂಟೆ ಕಾಫಿ. ಅಂಬಾಸಿಡರ್ ಮತ್ತು ಜೀಪಿನ ಕಾಲ ಕಂಡವರಿಗೆ ಗೊತ್ತು, ಮಳೆಗಾಲದ ಬೆಳಿಗ್ಗೆ ಗಾಡಿ ಹೊರಡಿಸಲು ಇಬ್ಬರು ಆಳು ಹಿಂದಿನಿಂದ ನೂಕಬೇಕಾಗುತ್ತಿತ್ತು. ಕೀಲಿ ತಿರುವಿದ ಕೂಡಲೇ ಎಂಜಿನ್ ಹಿಡಿಯುವುದೇ ಆಗ ಒಂದು ಸೋಜಿಗ. ಮಾರುತಿ 800 ಮತ್ತು ಅಂಬಾಸಿಡರ್ ಎರಡರ ತಯಾರಿಕೆಯೂ 2014ರಲ್ಲಿ ನಿಂತಿತು.

1985ರಲ್ಲಿ ಜಿಪ್ಸಿ ಬಂತು. ತೋಟದ ಕೆಸರು ದಾರಿಗೆ ನಾಲ್ಕೂ ಚಕ್ರ ಎಳೆಯುವ ಹಗುರ ಗಾಡಿ ಸಿಕ್ಕಿತು. ನಮ್ಮ ನಾಡಿನ ಬಿಡದಿಯಲ್ಲಿ ಕಿರ್ಲೋಸ್ಕರ್ ಸಮೂಹದ ಜೊತೆಗೂಡಿ ಟೊಯೋಟಾ 1997ರಲ್ಲಿ ಕಂಪನಿ ಆರಂಭಿಸಿತು. ಅಲ್ಲಿಂದ 2000ದಲ್ಲಿ ಕ್ವಾಲಿಸ್, 2005ರಲ್ಲಿ ಇನ್ನೋವಾ ಹೊರಬಂದವು. ಮದುವೆ ದಿಬ್ಬಣದಿಂದ ಮಂಗಳೂರಿನ ಆಸ್ಪತ್ರೆಯವರೆಗೆ ನಮ್ಮ ಕುಟುಂಬಗಳನ್ನು ಇವು ಹೊತ್ತದ್ದನ್ನು ನಾನು ಬೇರೆ ಹೇಳಬೇಕಾಗಿಲ್ಲ.

ಜನರ ಒಲವಿಗೆ ಕಾರಣಗಳು

ಮೊದಲನೆಯದು, ಪರೀಕ್ಷೆಗೊಂಡ ಭಾಗಗಳನ್ನೇ ವರ್ಷಾನುಗಟ್ಟಲೆ ಬಳಸುವ ಅವರ ಸಂಯಮ. ಹೊಸತೆಂದು ಎಲ್ಲವನ್ನೂ ಒಮ್ಮೆಗೇ ಬದಲಾಯಿಸುವುದಿಲ್ಲ. ಎರಡನೆಯದು, ಒಂದೇ ಭಾಗ ಹಲವು ಮಾದರಿಗಳಿಗೆ ಹೊಂದುವುದರಿಂದ ತಾಲ್ಲೂಕು ಕೇಂದ್ರದ ಅಂಗಡಿಯಲ್ಲೂ ಬಿಡಿಭಾಗ ಸಿಗುತ್ತದೆ. ಕೆಲಸ ಬಲ್ಲ ಮೆಕ್ಯಾನಿಕ್ ಪ್ರತಿ ಊರಿನಲ್ಲೂ ಇದ್ದಾನೆ. ಮೂರನೆಯದು, ಇಂಧನದ ಉಳಿತಾಯ. ನಾಲ್ಕನೆಯದು, ಮಾರುವಾಗ ಸಿಗುವ ಬೆಲೆ.

ಕೊರತೆಗಳನ್ನೂ ಹೇಳದೆ ಬಿಟ್ಟರೆ ಕರ್ತವ್ಯಲೋಪವಾದೀತು. ಹಗುರ ಗಾಡಿ ಇಂಧನ ಉಳಿಸುತ್ತದೆ, ಆದರೆ ಡಿಕ್ಕಿಯಲ್ಲಿ ಜೀವ ಉಳಿಸೀತೇ ಎಂಬುದು ಬೇರೆ ಪ್ರಶ್ನೆ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ನಡೆಸಿದ ಡಿಕ್ಕಿ ಪರೀಕ್ಷೆಯಲ್ಲಿ ಆಲ್ಟೊ 800 ಮತ್ತು ಸ್ವಿಫ್ಟ್, ಏರ್‌ಬ್ಯಾಗ್ ಇಲ್ಲದ ಮಾದರಿಗಳಲ್ಲಿ, ವಯಸ್ಕರ ರಕ್ಷಣೆಗೆ ಒಂದು ನಕ್ಷತ್ರವನ್ನೂ ಪಡೆಯಲಿಲ್ಲ. ಹತ್ತು ವರ್ಷದ ನಂತರ, 2024ರಲ್ಲಿ, ಅದೇ ಸಂಸ್ಥೆಯಿಂದ ಹೊಸ ಡಿಜೈರ್ ಐದು ನಕ್ಷತ್ರ ಪಡೆಯಿತು. ಆದ್ದರಿಂದ ಹೆಸರು ಒಂದೇ ಎಂದು ಹಳೆಯದಕ್ಕೂ ಹೊಸದಕ್ಕೂ ಸಮನಾದ ರಕ್ಷಣೆ ನಿರೀಕ್ಷಿಸಬಾರದು.

ಜಪಾನಿನ ಟಕಾಟಾ ಕಂಪನಿಯ ಏರ್‌ಬ್ಯಾಗುಗಳ ವಿಷಯವಂತೂ ನಮ್ಮಂಥ ಪ್ರದೇಶದವರು ತಿಳಿದಿರಲೇಬೇಕು. ಅದರೊಳಗಿನ ರಾಸಾಯನಿಕವು ಸೆಕೆ ಮತ್ತು ತೇವದಲ್ಲಿ ವರ್ಷಗಳು ಕಳೆದಂತೆ ಕೆಟ್ಟು, ಏರ್‌ಬ್ಯಾಗ್ ಬಿಚ್ಚುವಾಗ ಲೋಹದ ಚೂರುಗಳು ಸಿಡಿಯುತ್ತಿದ್ದವು. ಜಗತ್ತಿನಾದ್ಯಂತ ಕೋಟ್ಯಂತರ ಗಾಡಿಗಳನ್ನು ವಾಪಸು ಕರೆಸಬೇಕಾಯಿತು. ಆ ಕಂಪನಿ 2017ರಲ್ಲಿ ದಿವಾಳಿಯಾಯಿತು. ನಮ್ಮ ದೇಶದಲ್ಲೂ ಹೋಂಡಾ, ಟೊಯೋಟಾ ಮುಂತಾದವು ತಮ್ಮ ಹಳೆಯ ಮಾದರಿಗಳನ್ನು ಕರೆಸಿ ಪುಕ್ಕಟೆಯಾಗಿ ಭಾಗ ಬದಲಿಸಿಕೊಟ್ಟಿವೆ. ಅಂಥ ಕಾರನ್ನು ಎರಡನೆಯ ಕೈಯಲ್ಲಿ ಕೊಂಡವರು ಚಾಸಿ ಸಂಖ್ಯೆ ಕೊಟ್ಟು ಅಧಿಕೃತ ವರ್ಕ್‌ಷಾಪಿನಲ್ಲಿ ವಿಚಾರಿಸಬೇಕು. ಹಿಂದಿನ ಒಡೆಯರಿಗೆ ಬಂದ ಪತ್ರ ನಿಮ್ಮ ಕೈಗೆ ಬಂದಿರುವುದಿಲ್ಲ.

ನನ್ನ ತಪ್ಪು

ಕೆಲವು ವರ್ಷಗಳ ಹಿಂದೆ, ಏಪ್ರಿಲ್ ತಿಂಗಳಿನಲ್ಲಿ, ವಯಸ್ಸಾದ ತಾಯಿಯವರನ್ನು ಆಸ್ಪತ್ರೆಗೆ ಕರೆದುಕೊಂಡು ಘಟ್ಟ ಇಳಿಯುತ್ತಿದ್ದೆ. ಅವಸರದಲ್ಲಿ ಮೇಲಿನ ಗೇರಿನಲ್ಲೇ ಇಳಿಯುತ್ತ ತಿರುವು ತಿರುವಿಗೂ ಬ್ರೇಕು ಒತ್ತುತ್ತಿದ್ದೆ. ಅರ್ಧ ಘಟ್ಟ ಇಳಿಯುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಮುಂದಿನ ತಿರುವಿನಲ್ಲಿ ಪೆಡಲು ಮೆತ್ತಗಾಗಿ ನೆಲಕ್ಕೆ ಹೋಯಿತು. ಗೇರು ಇಳಿಸಿ, ಹ್ಯಾಂಡ್ ಬ್ರೇಕು ಎಳೆಯುತ್ತ, ಗುಡ್ಡದ ಕಡೆಯ ಚರಂಡಿಗೆ ಚಕ್ರ ಇಳಿಸಿ ನಿಲ್ಲಿಸಿದೆ. ಇನ್ನೊಂದು ಬದಿಗೆ ಏನಿತ್ತೆಂಬುದು ಘಟ್ಟ ಬಲ್ಲವರಿಗೆಲ್ಲ ಗೊತ್ತು. ತಾಯಿಯವರು “ಯಾಕೋ ನಿಲ್ಲಿಸಿದೆ?” ಎಂದು ಕೇಳಿದರು. ನನಗೆ ಉತ್ತರ ಕೊಡಲು ಬಾಯಿ ಬರಲಿಲ್ಲ.

ಮರುದಿನ ಮೆಕ್ಯಾನಿಕ್ ಬ್ರೇಕ್ ಆಯಿಲಿನ ಡಬ್ಬಿ ತೆರೆದು ತೋರಿಸಿದ. ಒಳಗಿನದು ಕಾಫಿ ಕಷಾಯದಂತೆ ಕಪ್ಪಾಗಿತ್ತು. ಏಳು ವರ್ಷ ಅದನ್ನು ಬದಲಿಸಿರಲಿಲ್ಲ. “ಗಾಡಿಯದೇನೂ ತಪ್ಪಿಲ್ಲ ಸಾರ್, ಪುಸ್ತಕದಲ್ಲಿ ಬರೆದಿತ್ತಲ್ಲ,” ಎಂದ. ಆ ಪುಸ್ತಕ ಮುಂದಿನ ಖಾನೆಯಲ್ಲಿ, ಶೋರೂಮಿನವರು ಕೊಟ್ಟ ಪ್ಲಾಸ್ಟಿಕ್ ಚೀಲದಲ್ಲೇ ಭದ್ರವಾಗಿತ್ತು. ಏಳು ವರ್ಷ ತೊಂದರೆ ಕೊಡದ ಗಾಡಿಯನ್ನು ನಾನು ಏಳು ವರ್ಷ ಮರೆತಿದ್ದೆ. ಒಳ್ಳೆಯ ಗಾಡಿಯ ಅಪಾಯ ಇರುವುದು ಇಲ್ಲಿಯೇ. ಕೆಟ್ಟ ಗಾಡಿ ತಿಂಗಳಿಗೊಮ್ಮೆ ನಿಂತು ನಮ್ಮನ್ನು ಗ್ಯಾರೇಜಿಗೆ ಅಟ್ಟುತ್ತದೆ. ಒಳ್ಳೆಯದು ಸಹಿಸಿಕೊಂಡು ಹೋಗುತ್ತದೆ.

ಜಪಾನಿನಲ್ಲಿ ಈ ಮರೆವಿಗೆ ಅವಕಾಶವಿಲ್ಲ. ಅಲ್ಲಿ ‘ಶಾಕೆನ್’ ಎಂಬ ಕಡ್ಡಾಯ ತಪಾಸಣೆ ಇದೆ. ಹೊಸ ಖಾಸಗಿ ಕಾರಿಗೆ ಮೂರು ವರ್ಷಕ್ಕೆ ಮೊದಲ ಪರೀಕ್ಷೆ, ಆಮೇಲೆ ಪ್ರತಿ ಎರಡು ವರ್ಷಕ್ಕೊಮ್ಮೆ. ಬ್ರೇಕು, ದೀಪ, ಹೊಗೆ, ಚಕ್ರದ ಜೋಡಣೆ ಎಲ್ಲವೂ ಸರಿ ಇದ್ದರೆ ಮಾತ್ರ ರಸ್ತೆಗೆ ಇಳಿಯಬಹುದು. ನಮ್ಮಲ್ಲಿ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ನಡುವೆ ಕೇಳುವುದು ಹೊಗೆಯ ಪ್ರಮಾಣಪತ್ರ ಮತ್ತು ವಿಮೆ. ಉಳಿದ ತಪಾಸಣೆಯನ್ನು ಒಡೆಯನೇ ಮಾಡಿಕೊಳ್ಳಬೇಕು.

ಮಲೆನಾಡಿನಲ್ಲಿ ನಿಗಾ ವಹಿಸುವ ಕ್ರಮ

1. ಬ್ರೇಕ್ ಆಯಿಲ್: ಇದು ಗಾಳಿಯ ತೇವವನ್ನು ಹೀರುತ್ತದೆ. ಡಾಟ್-3 ದರ್ಜೆಯದು ಹೊಸತಿದ್ದಾಗ ಕನಿಷ್ಠ 205 ಡಿಗ್ರಿ ಸೆಂಟಿಗ್ರೇಡಿನವರೆಗೆ ಕುದಿಯಬಾರದು. ತೇವ ಕುಡಿದ ಮೇಲೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಕುದಿದಾಗ ಆವಿಯ ಗುಳ್ಳೆಗಳೇಳುತ್ತವೆ, ಪೆಡಲು ಒತ್ತಿದರೆ ಗುಳ್ಳೆ ಕುಗ್ಗುತ್ತದೆಯೇ ಹೊರತು ಬ್ರೇಕು ಹಿಡಿಯುವುದಿಲ್ಲ. ನಮ್ಮ ಹವೆಯಲ್ಲಿ ಎರಡು ವರ್ಷಕ್ಕೊಮ್ಮೆ ಬದಲಿಸುವುದು ಲೇಸು. ಘಟ್ಟ ಹತ್ತಲು ಬೇಕಾದ ಗೇರಿನಲ್ಲೇ ಇಳಿಯಬೇಕೆಂಬ ಹಳೆಯ ಲಾರಿ ಚಾಲಕರ ಮಾತು ಈಗಲೂ ಸತ್ಯ.

2. ಎಂಜಿನ್ ಆಯಿಲ್: ಕೈಪಿಡಿಯಲ್ಲಿ ಸಾಮಾನ್ಯವಾಗಿ 10 ಸಾವಿರ ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಎಂದಿರುತ್ತದೆ. “ನಾನು ವರ್ಷಕ್ಕೆ ಮೂರು ಸಾವಿರವೂ ಓಡಿಸಿಲ್ಲ” ಎಂದು ಬಿಡುವವರು ಬಹಳ. ತೋಟದಿಂದ ಪೇಟೆಗೆ ನಾಲ್ಕೈದು ಕಿಲೋಮೀಟರ್ ಓಡುವ ಗಾಡಿಯ ಎಂಜಿನ್ ಪೂರ್ತಿ ಕಾಯುವುದೇ ಇಲ್ಲ; ಒಳಗೆ ಕಟ್ಟಿದ ನೀರಿನ ಪಸೆ ಆರದೆ ಆಯಿಲಿನಲ್ಲಿ ಸೇರುತ್ತದೆ. ಕಡಿಮೆ ಓಡುವ ಗಾಡಿಗೇ ವರ್ಷದ ಮಿತಿ ಮುಖ್ಯ. ಈಚಿನ ಎಂಜಿನ್ನುಗಳಿಗೆ ತೆಳ್ಳನೆಯ ಆಯಿಲ್ ಬೇಕು. ದಪ್ಪವಾದದ್ದೇ ಬಲ ಎಂದು ಟ್ರ್ಯಾಕ್ಟರಿಗೆ ತಂದದ್ದನ್ನು ಸುರಿಯಬಾರದು.

3. ಕೂಲೆಂಟ್: ಹಳ್ಳದ ನೀರು ಎಷ್ಟೇ ತಿಳಿಯಾಗಿದ್ದರೂ ರೇಡಿಯೇಟರಿಗೆ ಸಲ್ಲದು. ಅದರ ಲವಣ ಒಳಗೆ ಕಟ್ಟಿಕೊಳ್ಳುತ್ತದೆ, ಲೋಹವನ್ನು ತಿನ್ನುತ್ತದೆ. ಕೈಪಿಡಿ ಹೇಳಿದ ಕೂಲೆಂಟನ್ನೇ ಹಾಕಿ. ಎಂಜಿನ್ ಬಿಸಿ ಇರುವಾಗ ಮುಚ್ಚಳ ತೆರೆಯಕೂಡದು.

4. ಟೈಮಿಂಗ್ ಬೆಲ್ಟು: ಮಾರುತಿ 800, ಕ್ವಾಲಿಸ್, 2005ರ ಡೀಸೆಲ್ ಇನ್ನೋವಾ ಇವುಗಳಲ್ಲಿ ಎಂಜಿನ್ನಿನ ವಾಲ್ವುಗಳನ್ನು ನಡೆಸುವುದು ರಬ್ಬರಿನ ಬೆಲ್ಟು. ಅದು ಸದ್ದು ಮಾಡಿ ಎಚ್ಚರಿಸುವುದಿಲ್ಲ. ಕಡಿದರೆ ಗಾಡಿ ಇದ್ದಲ್ಲೇ ನಿಲ್ಲುತ್ತದೆ. ಹಲವು ಎಂಜಿನ್ನುಗಳಲ್ಲಿ ವಾಲ್ವು ಪಿಸ್ಟನ್ನಿಗೆ ಬಡಿದು ಎಂಜಿನ್ನನ್ನೇ ಬಿಚ್ಚಬೇಕಾಗುತ್ತದೆ. ನಿಗದಿತ ದೂರಕ್ಕೆ ಬದಲಿಸಿ, ದಿನಾಂಕ ಬರೆದಿಡಿ. ಮಾರುತಿಯ ಕೆ-ಸರಣಿಯ ಎಂಜಿನ್, ಇನ್ನೋವಾ ಕ್ರಿಸ್ಟಾ ಇವುಗಳಲ್ಲಿ ಲೋಹದ ಸರಪಳಿ ಇದೆ. ಅದು ಬಾಳುವುದು ಶುದ್ಧ ಎಂಜಿನ್ ಆಯಿಲಿನ ಬಲದಿಂದ.

5. ಇಂಧನ: ಪಂಪ್‌ಸೆಟ್ಟಿಗೆಂದು ಪೀಪಾಯಿಯಲ್ಲಿಟ್ಟ ಡೀಸೆಲನ್ನು ಕಾರಿಗೂ ಸುರಿಯುವ ಅಭ್ಯಾಸ ನಮ್ಮಲ್ಲಿದೆ. ಪೀಪಾಯಿಯ ತಳದಲ್ಲಿ ನೀರೂ ತುಕ್ಕೂ ಕೂತಿರುತ್ತದೆ. ಕ್ವಾಲಿಸ್ ಅದನ್ನು ಹೇಗೋ ತಡೆದುಕೊಂಡೀತು. ಇನ್ನೋವಾ ಕಾಲದ ಕಾಮನ್ ರೈಲ್ ಎಂಜಿನ್ನಿನಲ್ಲಿ ಡೀಸೆಲಿನ ಮೇಲೆ ವಾತಾವರಣದ ಸಾವಿರ ಪಟ್ಟಿಗೂ ಮೀರಿದ ಒತ್ತಡ ಇರುತ್ತದೆ. ಒಂದು ಗುಟುಕು ನೀರು ಹೋದರೆ ಇಂಜೆಕ್ಟರು ಹಾಳು. ಪೆಟ್ರೋಲಿನಲ್ಲಿ ಈಗ ಶೇಕಡಾ 20ರವರೆಗೆ ಎಥೆನಾಲ್ ಬೆರೆತು ಬರುತ್ತದೆ; ಎಥೆನಾಲ್ ಕೂಡ ತೇವ ಹೀರುವಂಥದ್ದು. ಮಳೆಗಾಲವಿಡೀ ಗಾಡಿ ನಿಲ್ಲಿಸುವವರು ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಓಡಿಸಬೇಕು. ಹಳೆಯ ಗಾಡಿಯ ರಬ್ಬರ್ ಕೊಳವೆಗಳನ್ನು ಪರೀಕ್ಷಿಸಬೇಕು.

6. ತುಕ್ಕು: ಇದರಲ್ಲಿ ನಮ್ಮ ಕೈವಾಡವೇ ಹೆಚ್ಚು. ಬೋರ್ಡೋ ದ್ರಾವಣಕ್ಕೆಂದು ಮೈಲುತುತ್ತವನ್ನು ಓಮ್ನಿಯ ಹಿಂಬದಿಯಲ್ಲಿ ತರುತ್ತೇವೆ. ಅದು ಒದ್ದೆಯಾಗಿ ಕಬ್ಬಿಣಕ್ಕೆ ತಾಗಿದರೆ ತಾಮ್ರ ಕೂತು ಕಬ್ಬಿಣ ಕರಗುತ್ತದೆ. ಅದಕ್ಕಾಗಿಯೇ ಆ ದ್ರಾವಣವನ್ನು ಕಬ್ಬಿಣದ ಪಾತ್ರೆಯಲ್ಲಿ ಮಾಡಬಾರದೆಂದು ಹೇಳುವುದು. ಪೊಟ್ಯಾಷ್ ಗೊಬ್ಬರದ ಕಥೆಯೂ ಹಾಗೆಯೇ. ದಪ್ಪ ಟಾರ್ಪಾಲು ಹಾಸಿ, ಇಳಿಸಿದ ದಿನವೇ ತೊಳೆದು ಒಣಗಿಸಿ. ಮುಂಗಾಜಿನ ಬುಡದ ಜಾಲರಿಯಲ್ಲಿ ಸಿಲ್ವರ್ ಓಕ್ ಎಲೆ ತುಂಬಿದರೆ ಮಳೆನೀರು ಹೊರಹೋಗದೆ ಒಳಗಿಳಿಯುತ್ತದೆ, ತಿಂಗಳಿಗೊಮ್ಮೆ ತೆಗೆಯಿರಿ. ಗಾಡಿಯ ಅಡಿಗೆ ಮೆತ್ತಿದ ಕೆಂಪು ಕೆಸರು ಒದ್ದೆ ಬಟ್ಟೆಯಂತೆ ತೇವ ಹಿಡಿದಿಡುತ್ತದೆ.

7. ಇಲಿ: ಕಣದ ಪಕ್ಕದ ಶೆಡ್ಡಿನಲ್ಲಿ ನಿಲ್ಲಿಸಿದ ಗಾಡಿಯ ಬೆಚ್ಚನೆಯ ಎಂಜಿನ್ ಇಲಿಗೆ ಅರಮನೆ. ಅದು ಕಡಿದ ತಂತಿಯ ದುರಸ್ತಿಗೆ ಆಗುವ ಖರ್ಚು ಸಾಮಾನ್ಯದ್ದಲ್ಲ. ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡಿ. ಶೆಡ್ಡಿನಲ್ಲಿ ಕಾಳು, ಹಿಂಡಿ ಇಡಬೇಡಿ.

8. ಬಿಡಿಭಾಗ: ಬ್ರೇಕ್ ಪ್ಯಾಡು, ಫಿಲ್ಟರು, ಬೆಲ್ಟುಗಳಲ್ಲಿ ನಕಲಿ ಮಾಲು ಹೆಚ್ಚು. ಅಂಗಡಿಯ ರಸೀದಿ ಪಡೆದು, ಹಳೆಯ ಭಾಗವನ್ನು ಕೇಳಿ ಪಡೆದು ಹೋಲಿಸಿ ನೋಡಿ.

ಎರಡನೆಯ ಕೈಯ ಗಾಡಿ ಕೊಳ್ಳುವವರು ಬಣ್ಣಕ್ಕೆ ಮರುಳಾಗದೆ ಮೊದಲು ಸರ್ವಿಸ್ ದಾಖಲೆ ಕೇಳಬೇಕು. ನೆಲದ ಚಾಪೆ ಎತ್ತಿ ತುಕ್ಕು ನೋಡಬೇಕು. ಬೆಲ್ಟು ಬದಲಿಸಿದ ದಿನಾಂಕ ಗೊತ್ತಿಲ್ಲವೆಂದರೆ, ಬದಲಿಸಿಲ್ಲ ಎಂದೇ ಲೆಕ್ಕ ಹಿಡಿದು ಬೆಲೆ ಮಾತಾಡಬೇಕು.

ಬೆಳೆಯ ಪಂಚಾಂಗಕ್ಕೆ ಗಾಡಿಯನ್ನೂ ಸೇರಿಸಿ

ಇಷ್ಟೆಲ್ಲ ನೆನಪಿಡುವುದು ಕಷ್ಟವೆನ್ನುವವರಿಗೆ ಒಂದು ಸುಲಭೋಪಾಯ. ಮೇ ತಿಂಗಳಲ್ಲಿ, ಕೊಳೆರೋಗಕ್ಕೆ ಮೊದಲ ಸಿಂಪಡಣೆಯ ಸಿದ್ಧತೆ ನಡೆಸುವಾಗ, ಬ್ರೇಕು, ವೈಪರ್, ಟೈರು, ದೀಪ, ಬ್ಯಾಟರಿ ನೋಡಿಸಿ. ಅಕ್ಟೋಬರಿನಲ್ಲಿ, ಮಳೆ ಬಿಟ್ಟ ಮೇಲೆ, ಗಾಡಿಯ ಅಡಿಭಾಗ ತೊಳೆಸಿ ತುಕ್ಕಿಗೆ ಬಣ್ಣ ಹೊಡೆಸಿ; ಗಾಳಿಯ ಫಿಲ್ಟರು, ಡೀಸೆಲ್ ಫಿಲ್ಟರಿನ ನೀರು ಪರೀಕ್ಷಿಸಿ. ಮಾರ್ಚಿನಲ್ಲಿ, ಕೊಯ್ಲು ಮುಗಿದು ಕೈಯಲ್ಲಿ ಕಾಸಿರುವಾಗ, ವರ್ಷದ ಸರ್ವಿಸ್ ಮಾಡಿಸಿ. ಕೊಳೆ ಬಂದ ಮೇಲೆ ಬೋರ್ಡೋ ಹೊಡೆದು ಪ್ರಯೋಜನವೇನು? ಉದುರಿದ ಕಾಯಿ ಮರಕ್ಕೆ ಮರಳುವುದಿಲ್ಲ. ನಮ್ಮ ತೋಟಕ್ಕೆ ಅನ್ವಯಿಸುವ ಈ ನ್ಯಾಯವೇ ಅಂಗಳದಲ್ಲಿ ನಿಂತ ಗಾಡಿಗೂ ಅನ್ವಯಿಸುತ್ತದೆ.

ಕಡೆಯದಾಗಿ ಒಂದು ವಿನಂತಿ. ಈ ಸಂಚಿಕೆಯನ್ನು ಮಡಚಿಡುವ ಮೊದಲು ಗಾಡಿಯ ಖಾನೆಯಿಂದ ಆ ಕೈಪಿಡಿಯನ್ನು ಹೊರತೆಗೆದು, ಬ್ರೇಕ್ ಆಯಿಲ್ ಬದಲಿಸಿದ ದಿನಾಂಕವನ್ನು ನೋಡಿ. ಅದು ಬರೆದಿಲ್ಲವಾದರೆ, ಮುಂದಿನ ಸಲ ಘಟ್ಟ ಇಳಿಯುವ ಮೊದಲೇ ಗ್ಯಾರೇಜಿಗೆ ಹೋಗಿ ಬನ್ನಿ. ಸದಸ್ಯರು ತಮ್ಮ ಅನುಭವಗಳನ್ನು ಬರೆದು ತಿಳಿಸಿದಲ್ಲಿ ಮುಂದಿನ ಸಂಚಿಕೆಯಲ್ಲಿ ಸಂತೋಷದಿಂದ ಪ್ರಕಟಿಸಲಾಗುವುದು.

— ಕಾರ್ಯದರ್ಶಿ